ಇಪ್ಪತ್ತೆಂಟಕ್ಕಿಂತ ದೊಡ್ಡದಾದ ಇಪ್ಪತ್ತೇಳು: ದೂರಪ್ರಯಾಣದ ಸೈಕಲ್ಲಿಗೆ ಯಾವ ಚಕ್ರ?

ಬ್ರಿಟನ್ನಿನ ಯಾವುದಾದರೊಂದು ಹಳೆಯ ಸೈಕಲ್ ಅಂಗಡಿಯ ಗೋಡೆಯಲ್ಲಿ ತೂಗುವ ಟೈರುಗಳನ್ನು ಒಂದೊಂದಾಗಿ ಇಳಿಸಿ ಅಳೆದು ನೋಡಿದರೆ, ಶಾಲೆಯಲ್ಲಿ ಕಲಿತ ಅಂಕಗಣಿತದ ಮೇಲಿನ ನಂಬಿಕೆಯೇ ಅಲುಗಾಡುತ್ತದೆ. 27 ಅಂಗುಲವೆಂದು ಬರೆದ ಟೈರು ಕೂರುವ ರಿಮ್ಮಿನ ವ್ಯಾಸ 630 ಮಿಲಿಮೀಟರ್. ಇಂದಿನ 28 ಅಂಗುಲದ ಟೈರಿನದು 622. ಬೆಟ್ಟ ಹತ್ತುವ ಸೈಕಲ್ಲುಗಳ 29 ಅಂಗುಲದ್ದೂ ಅದೇ 622. ಇತ್ತೀಚೆಗೆ ಬಂದ 27.5 ಅಂಗುಲವಾದರೋ 584. ಎಂದರೆ 27ಕ್ಕಿಂತ ಸಾಕಷ್ಟು ಚಿಕ್ಕದು. 26 ಅಂಗುಲವೆಂಬ ಒಂದೇ ಹೆಸರನ್ನು ಹೊತ್ತು 559, 571, 584, 590, 597 ಎಂಬ ಐದು ಬೇರೆ ಬೇರೆ ಅಳತೆಗಳು ತಿರುಗಾಡುತ್ತಿವೆ. ಇವುಗಳಲ್ಲಿ ಒಂದಕ್ಕಾಗಿ ಮಾಡಿದ ಟೈರು ಮತ್ತೊಂದಕ್ಕೆ ಕೂರುವುದಿಲ್ಲ.

ಐವತ್ತರ ಆಸುಪಾಸಿನಲ್ಲಿ ಸೈಕಲ್ ಏರುವ ಕನ್ನಡಿಗರು ಈಗ ಈ ದೇಶದಲ್ಲಿ ಕಡಿಮೆಯೇನಲ್ಲ. ಮಕ್ಕಳು ವಿಶ್ವವಿದ್ಯಾಲಯಕ್ಕೆ ಹೊರಟುಹೋಗಿರುತ್ತಾರೆ, ರಕ್ತದೊತ್ತಡದ ಮಾತ್ರೆ ಶುರುವಾಗಿರುತ್ತದೆ, ಮಂಡಿ ಓಟಕ್ಕೆ ಒಪ್ಪುವುದಿಲ್ಲ. ವಾರಾಂತ್ಯದ ಇಪ್ಪತ್ತು ಮೈಲಿಯಿಂದ ಆರಂಭವಾದ ಹವ್ಯಾಸ, ಚೀಲ ಕಟ್ಟಿಕೊಂಡು ನಾಲ್ಕೈದು ದಿನ ಊರಿಂದೂರಿಗೆ ಹೋಗುವ ಆಸೆಯಾಗಿ ಬೆಳೆಯುತ್ತದೆ. ಆಗ ಎಲ್ಲರೂ ವಿಚಾರಿಸುವುದು ಗೇರು ಎಷ್ಟು, ತೂಕ ಎಷ್ಟು, ಬೆಲೆ ಎಷ್ಟು ಎಂದು. ನೆಲವನ್ನು ಮುಟ್ಟುವ ಏಕೈಕ ಭಾಗವಾದ ಟೈರಿನ ಬಗ್ಗೆ ಕೇಳುವವರು ವಿರಳ. ಪ್ರಯಾಣ ಮುಗಿಸಿ ಬಂದವರ ಬೆರಳು ಜೋಮು ಹಿಡಿದಾಗ, ಸೊಂಟ ನೊಂದಾಗ, ವಯಸ್ಸಾಯಿತೆಂದು ದೇಹವನ್ನೇ ದೂರುವುದು ರೂಢಿ. ಹಲವು ಸಲ ಆ ದೂರು ಸಲ್ಲಬೇಕಾದದ್ದು ಚಕ್ರಕ್ಕೆ.

ಚಕ್ರವನ್ನು ದೇಹಕ್ಕೆ ತಕ್ಕಂತೆ ಆರಿಸಿಕೊಳ್ಳುವುದು ಸೈಕಲ್ಲಿನ ಇತಿಹಾಸದಲ್ಲಿ ಹೊಸದಲ್ಲ. ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟದೊಂದು ಚಕ್ರವಿದ್ದ ಪೆನ್ನಿ ಫಾರ್ದಿಂಗ್ ಕಾಲದಲ್ಲಿ ಪೆಡಲು ನೇರವಾಗಿ ಮುಂಚಕ್ರಕ್ಕೇ ಜೋಡಿಸಲ್ಪಟ್ಟಿತ್ತು. ಪೆಡಲು ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ವೇಗ ಬೇಕಾದರೆ ಚಕ್ರ ದೊಡ್ಡದಾಗಬೇಕು. ಎಷ್ಟು ದೊಡ್ಡದೆಂಬುದನ್ನು ಸವಾರನ ಕಾಲಿನ ಉದ್ದವೇ ನಿರ್ಧರಿಸುತ್ತಿತ್ತು. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಚೈನಿನಿಂದ ಹಿಂಚಕ್ರವನ್ನು ತಿರುಗಿಸುವ ರೋವರ್ ಸೈಕಲ್ಲನ್ನು ಹೊರತಂದಾಗ ಈ ನಂಟು ಕಡಿಯಿತು. ಮೂರು ವರ್ಷಗಳ ಅನಂತರ, 1888ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಮಗನ ಮೂರು ಚಕ್ರದ ಗಾಡಿ ಕಲ್ಲುಹಾಸಿನ ಬೀದಿಯಲ್ಲಿ ಕುಲುಕುವುದನ್ನು ತಪ್ಪಿಸಲು ಆತ ಈ ಪ್ರಯೋಗಕ್ಕೆ ಕೈಹಾಕಿದ್ದ. ಅದಕ್ಕೂ ನಾಲ್ಕು ದಶಕ ಮುಂಚೆ, 1845ರಲ್ಲಿ, ಸ್ಕಾಟ್‌ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಇದೇ ಯೋಚನೆಗೆ ಪೇಟೆಂಟ್ ಪಡೆದಿದ್ದುದು ಬಳಿಕ ಬೆಳಕಿಗೆ ಬಂತು. ಯಾರು ಮೊದಲಿಗರೇ ಇರಲಿ, ಗಾಳಿಯ ಟೈರು ಹುಟ್ಟಿದ್ದು ವೇಗಕ್ಕಾಗಿ ಅಲ್ಲ, ಕುಲುಕಾಟವನ್ನು ಕಡಿಮೆ ಮಾಡುವುದಕ್ಕಾಗಿ ಎಂಬುದನ್ನು ನೆನಪಿಡಬೇಕು.

ಅಳತೆಯ ಗೊಂದಲ ಆರಂಭವಾದದ್ದು ಇದಾದ ಮೇಲೆ. ಅಂದಿನವರು ಚಕ್ರವನ್ನು ಟೈರಿನ ಹೊರಮೈಯಿಂದ ಅಳೆಯುತ್ತಿದ್ದರು. ಫ್ರಾನ್ಸಿನಲ್ಲಿ ಹೊರವ್ಯಾಸ 700 ಮಿಲಿಮೀಟರ್ ಬರುವ ಟೈರುಗಳಿಗೆ ದಪ್ಪಕ್ಕೆ ತಕ್ಕಂತೆ ಎ, ಬಿ, ಸಿ ಎಂಬ ಅಕ್ಷರಗಳನ್ನು ಸೇರಿಸಿದರು. ಟೈರು ತೆಳ್ಳಗಿದ್ದರೆ ರಿಮ್ ದೊಡ್ಡದು, ದಪ್ಪಗಿದ್ದರೆ ರಿಮ್ ಚಿಕ್ಕದು. ಹೊರಗಿನ ಅಳತೆ ಮಾತ್ರ ಅದೇ 700. ಇಂದು ರೇಸಿನ ಸೈಕಲ್ಲುಗಳ ಗುರುತಾಗಿರುವ 700ಸಿ ಎಂಬುದರ ರಿಮ್ 622 ಮಿಲಿಮೀಟರ್. ಅದರ ಎರಡು ಬದಿಗೂ 39 ಮಿಲಿಮೀಟರ್ ಟೈರನ್ನು ಕೂಡಿಸಿದರೆ ಸರಿಯಾಗಿ 700 ಬರುತ್ತದೆ. ಎಂದರೆ ಈ ಚಕ್ರ ಮೂಲದಲ್ಲಿ ದಪ್ಪ ಟೈರಿಗೆಂದೇ ಮಾಡಿದ್ದು. ಕಾಲಕ್ರಮೇಣ ಅದೇ ರಿಮ್ಮಿಗೆ 25 ಮಿಲಿಮೀಟರಿನ ತೆಳು ಟೈರು ಹಾಕತೊಡಗಿದರು. ಹೊರವ್ಯಾಸ 672ಕ್ಕೆ ಇಳಿಯಿತು, ಹೆಸರು ಮಾತ್ರ 700 ಆಗಿಯೇ ಉಳಿಯಿತು. ಅಂಗುಲದ ಹೆಸರುಗಳಿಗೂ ಇದೇ ಗತಿಯಾಯಿತು.

ವೈದ್ಯರಿಗೆ ಈ ಪರಿಸ್ಥಿತಿ ಹೊಸದೇನಲ್ಲ. ಔಷಧದ ವ್ಯಾಪಾರಿ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಒಳಗಿರುವ ರಸಾಯನದ ಹೆಸರೂ ಮಿಲಿಗ್ರಾಮೂ ಬದಲಾಗುವುದಿಲ್ಲ. ಟೈರಿಗೂ ಅಂಥದೊಂದು ನಿಜನಾಮವಿದೆ. ಪಕ್ಕೆಯ ಮೇಲೆ ಸಣ್ಣ ಅಕ್ಷರಗಳಲ್ಲಿ 37-622 ಎಂಬಂಥ ಜೋಡಿಸಂಖ್ಯೆಯನ್ನು ಮೂಡಿಸಿರುತ್ತಾರೆ. ಮೊದಲನೆಯದು ಗಾಳಿ ತುಂಬಿದಾಗ ಟೈರಿನ ಅಗಲ, ಎರಡನೆಯದು ಟೈರಿನ ಅಂಚು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಯುರೋಪಿನ ಟೈರು ಮತ್ತು ರಿಮ್ ತಾಂತ್ರಿಕ ಸಂಸ್ಥೆಯಾದ ಇಟಿಆರ್‌ಟಿಓ ಬಳಕೆಗೆ ತಂದ ಈ ಪದ್ಧತಿಯೇ ಈಗ ಐಎಸ್‌ಓ 5775 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿದೆ. ಎರಡನೆಯ ಸಂಖ್ಯೆ ಹೊಂದಿದರೆ ಟೈರು ಕೂರುತ್ತದೆ, ಇಲ್ಲದಿದ್ದರೆ ಇಲ್ಲ. ಮೊದಲನೆಯ ಸಂಖ್ಯೆ ನಿಮ್ಮ ಕೈ, ಸೊಂಟ ಮತ್ತು ಸಾಮಾನಿನ ಯೋಗಕ್ಷೇಮವನ್ನು ನಿರ್ಧರಿಸುತ್ತದೆ.

ಆದ್ದರಿಂದ ಮೊದಲು ಅಗಲದ ವಿಚಾರ. ತೆಳು ಟೈರು ಹಗುರ, ವೇಗದ್ದು ಎಂಬ ನಂಬಿಕೆ ಬಹುಕಾಲ ಆಳಿತು. ಈಗ ರೇಸಿನ ವೃತ್ತಿಪರರೇ 23 ಮಿಲಿಮೀಟರನ್ನು ಬಿಟ್ಟು 28 ಮತ್ತು ಅದಕ್ಕೂ ಅಗಲದ ಟೈರುಗಳತ್ತ ಹೊರಳಿದ್ದಾರೆ. ಅವರ ಬೆನ್ನಿನಲ್ಲಿ ಡೇರೆಯಿಲ್ಲ, ಚೀಲವಿಲ್ಲ. ಸಾಮಾನು ಹೊತ್ತವರ ಲೆಕ್ಕ ಬೇರೆ. ಸವಾರ 75 ಕಿಲೋ, ಸೈಕಲ್ 15, ಸಾಮಾನು 18 ಎಂದು ಇಟ್ಟುಕೊಳ್ಳಿ, ಒಟ್ಟು 108. ಇದರಲ್ಲಿ ಸುಮಾರು 65 ಕಿಲೋ ಹಿಂಚಕ್ರದ ಮೇಲೆ ಬೀಳುತ್ತದೆ. ಟೈರು ನೆಲವನ್ನು ಮುಟ್ಟುವ ಜಾಗದ ವಿಸ್ತೀರ್ಣವು ಸ್ಥೂಲವಾಗಿ ಈ ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದಷ್ಟು. 100 ಪಿಎಸ್‌ಐ ಒತ್ತಡದಲ್ಲಿ ಅದು 9 ಚದರ ಸೆಂಟಿಮೀಟರ್, ಎಂದರೆ ಎರಡು ಅಂಚೆಚೀಟಿಯಷ್ಟು ಜಾಗ. 60 ಪಿಎಸ್‌ಐಯಲ್ಲಿ 15 ದಾಟುತ್ತದೆ. ಹೆಚ್ಚು ಒತ್ತಡದ ಗಟ್ಟಿ ಟೈರು ರಸ್ತೆಯ ಪ್ರತಿಯೊಂದು ಜಲ್ಲಿಯನ್ನೂ ಸೈಕಲ್ಲಿಗೂ ಸವಾರನಿಗೂ ವರದಿ ಮಾಡುತ್ತದೆ. ಆ ನಡುಕದಲ್ಲಿ ವ್ಯಯವಾಗುವುದು ಪೆಡಲು ತುಳಿದವರ ಶಕ್ತಿಯೇ.

ಹಾಗಾದರೆ ತೆಳು ಟೈರಿನಲ್ಲೇ ಗಾಳಿ ಕಡಿಮೆ ಮಾಡಬಾರದೇಕೆ? ಗಾಳಿ ಕಡಿಮೆಯಾದ ತೆಳು ಟೈರು ಹಳ್ಳಕ್ಕೆ ಇಳಿದೊಡನೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬು ಸಿಕ್ಕಿ ಎರಡು ಕಡೆ ಕಚ್ಚಿದಂತೆ ಹರಿಯುತ್ತದೆ. ಕಡಿಮೆ ಒತ್ತಡದಲ್ಲಿ ಭಾರ ಹೊರಲು ಟೈರು ಎತ್ತರವಾಗಿರಬೇಕು, ಎಂದರೆ ಅಗಲವಾಗಿರಬೇಕು. ಇನ್ನೊಂದು ತುದಿಯಲ್ಲಿ, ಅಗಲದ ಟೈರಿಗೆ ರೇಸಿನ ಟೈರಿನಷ್ಟು ಗಾಳಿ ತುಂಬುವುದೂ ಸಲ್ಲದು. ಇಲ್ಲಿ ಕೆಲಸ ಮಾಡುವುದು ವೈದ್ಯಕೀಯ ವಿದ್ಯಾರ್ಥಿಗಳು ಶರೀರಕ್ರಿಯಾ ಶಾಸ್ತ್ರದಲ್ಲಿ ಓದುವ ಲಾಪ್ಲಾಸ್ ನಿಯಮ: ಕೊಳವೆಯ ಗೋಡೆಯ ಮೇಲಿನ ಸೆಳೆತವು ಒಳಗಿನ ಒತ್ತಡ ಮತ್ತು ಕೊಳವೆಯ ತ್ರಿಜ್ಯ ಇವೆರಡರ ಗುಣಲಬ್ಧ. ಹೊಟ್ಟೆಯ ಮಹಾಧಮನಿ ಒಮ್ಮೆ ಹಿಗ್ಗತೊಡಗಿದರೆ, ರಕ್ತದೊತ್ತಡ ಏರದಿದ್ದರೂ ಗೋಡೆಯ ಮೇಲಿನ ಸೆಳೆತ ಏರುತ್ತ ಹೋಗಿ ಒಡೆಯುವ ಅಪಾಯ ಬರುವುದು ಇದೇ ಕಾರಣದಿಂದ. 50 ಮಿಲಿಮೀಟರ್ ಟೈರಿನಲ್ಲಿ 50 ಪಿಎಸ್‌ಐ ಇದ್ದರೆ, ಅದರ ಗೋಡೆ ಅನುಭವಿಸುವ ಸೆಳೆತ 25 ಮಿಲಿಮೀಟರ್ ಟೈರಿನಲ್ಲಿ 100 ಪಿಎಸ್‌ಐ ಇದ್ದಾಗಿನಷ್ಟೇ. ಒತ್ತಿ ನೋಡಿದಾಗ ಮೆತ್ತಗಿದೆಯೆಂದು ಇನ್ನಷ್ಟು ಪಂಪ್ ಹೊಡೆಯುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಡಬೇಕು. ಗರಿಷ್ಠ ಒತ್ತಡ ಎಷ್ಟೆಂಬುದು ಟೈರಿನ ಪಕ್ಕೆಯ ಮೇಲೇ ಬರೆದಿರುತ್ತದೆ. ಸಾಮಾನುಸಹಿತ ಸವಾರ ಕುಳಿತಾಗ ಟೈರು ತನ್ನ ಎತ್ತರದಲ್ಲಿ ಶೇಕಡಾ 15ರಷ್ಟು ಕುಗ್ಗಿದರೆ ಸರಿಯೆಂಬುದು ಅನುಭವಿಗಳ ಹಳೆಯ ಲೆಕ್ಕ. 37 ಮಿಲಿಮೀಟರ್ ಟೈರಿಗೆ ಅದು ಐದೂವರೆ ಮಿಲಿಮೀಟರ್. ಮುಂಚಕ್ರದ ಮೇಲೆ ಭಾರ ಕಡಿಮೆಯಾದ್ದರಿಂದ ಅಲ್ಲಿ ಗಾಳಿಯೂ ಕಡಿಮೆ ಸಾಕು.

ಈ ಲೆಕ್ಕ ಕೇವಲ ಸುಖದ ಮಾತಲ್ಲವೆಂಬುದಕ್ಕೆ ಒಂದು ನಿದರ್ಶನ. ನನಗೆ ಪರಿಚಿತರಾದ ಅರಿವಳಿಕೆ ತಜ್ಞರೊಬ್ಬರು, ಮೈಸೂರಿನ ಕಡೆಯವರು, ಇಂಗ್ಲೆಂಡನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟುವ ಪ್ರಸಿದ್ಧ ಕೋಸ್ಟ್ ಟು ಕೋಸ್ಟ್ ಹಾದಿಗೆ ಹೊರಟರು. ವೈಟ್‌ಹೇವನ್ನಿನಲ್ಲಿ ಐರಿಷ್ ಸಮುದ್ರಕ್ಕೆ ಹಿಂಚಕ್ರ ಅದ್ದಿ, ನಾರ್ತ್ ಸೀಗೆ ಮುಂಚಕ್ರ ಅದ್ದುವುದು ಅಲ್ಲಿನ ಸಂಪ್ರದಾಯ. ಸುಮಾರು 225 ಕಿಲೋಮೀಟರಿನ ಈ ಹಾದಿಯಲ್ಲಿ 580 ಮೀಟರ್ ಎತ್ತರದ ಹಾರ್ಟ್‌ಸೈಡ್ ಏರಿದೆ, ಹಳ್ಳಿಗಾಡಿನ ಒರಟು ಡಾಂಬರು ರಸ್ತೆಗಳಿವೆ, ಹಳಿ ಕಿತ್ತ ರೈಲುದಾರಿಗಳ ಜಲ್ಲಿಯೂ ಇದೆ. ಇವರ ಸೈಕಲ್ಲಿನಲ್ಲಿದ್ದದ್ದು 25 ಮಿಲಿಮೀಟರಿನ ಟೈರು, ಅದರ ಮೇಲೆ ಎರಡು ಚೀಲ. ಮೂರನೆಯ ಸಂಜೆ ಅಂಗಿಯ ಗುಂಡಿ ಬಿಚ್ಚಲು ಎಡಗೈ ಒದಗಲಿಲ್ಲ. ಉಂಗುರದ ಬೆರಳು ಮತ್ತು ಕಿರುಬೆರಳು ಜೋಮು ಹಿಡಿದಿದ್ದವು; ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಾಗದ ಹಿಡಿದರೆ ಜಾರುತ್ತಿತ್ತು.

ಮಣಿಕಟ್ಟಿನ ಕಿರುಬೆರಳಿನ ಬದಿಯಲ್ಲಿ ಗಿಯಾನ್ ನಾಳವೆಂಬ ಇಕ್ಕಟ್ಟಾದ ದಾರಿಯಿದೆ. ಅಲ್ನಾರ್ ನರ ಅಂಗೈಗೆ ಇಳಿಯುವುದು ಅದರೊಳಗಿಂದ. ಹ್ಯಾಂಡಲಿನ ಮೇಲೆ ಒರಗಿದ ದೇಹದ ಭಾರ ಅಲ್ಲಿ ಬೀಳುತ್ತದೆ. ಅದರ ಮೇಲೆ ಗಂಟೆಗಟ್ಟಲೆ ಕಂಪನ ಸೇರಿದರೆ ನರ ಸೋಲುತ್ತದೆ. ಇದು ಸೈಕಲ್ ಸವಾರರಲ್ಲಿ ವೈದ್ಯರು ಬಹುಕಾಲದಿಂದ ಬಲ್ಲ ತೊಂದರೆ. ಸ್ನೇಹಿತರು ತಮ್ಮ ಕುತ್ತಿಗೆಯ ಮೂಳೆ ಸವೆದಿರಬೇಕೆಂದು ಭಾವಿಸಿದ್ದರು. ಕೈ ಪೂರ್ತಿ ಹಿಡಿತಕ್ಕೆ ಬರಲು ಆರು ವಾರ ಹಿಡಿಯಿತು. ಸೂಜಿಯನ್ನು ರಕ್ತನಾಳಕ್ಕೆ ಇಳಿಸುವುದೇ ವೃತ್ತಿಯಾದವರಿಗೆ ಅದು ದೀರ್ಘವಾದ ಆರು ವಾರ. ಮರುವರ್ಷ ಅವರು ಹ್ಯಾಂಡಲನ್ನು ಎರಡು ಅಂಗುಲ ಎತ್ತರಿಸಿ, 37 ಮಿಲಿಮೀಟರ್ ಟೈರು ಹಿಡಿಸುವ ಬೇರೆ ಸೈಕಲ್ಲಿನಲ್ಲಿ ಅದೇ ಹಾದಿಯನ್ನು ಮುಗಿಸಿದರು. ಬೆರಳು ತಕರಾರು ಮಾಡಲಿಲ್ಲ. ಟೈರೊಂದರಿಂದಲೇ ಇದಾಯಿತೆಂದು ಹೇಳಲಾಗದು, ಹ್ಯಾಂಡಲಿನ ಪಾಲೂ ಇದೆ. ಆದರೆ ಕಂಪನವನ್ನು ಅದು ಹುಟ್ಟುವ ಕಡೆಯಲ್ಲೇ ತಡೆಯಬಲ್ಲದ್ದು ಟೈರು. ಮೆತ್ತನೆಯ ಕೈಗವಸು ಅದರ ಬಹಳ ಆಚೆಗಿನ ಉಪಾಯ.

ಇನ್ನು ವ್ಯಾಸದ ವಿಚಾರ. ದೊಡ್ಡ ಚಕ್ರ ಹಳ್ಳಗಳ ಮೇಲೆ ಸುಲಭವಾಗಿ ಉರುಳುತ್ತದೆಂಬುದು ನಿಜ. ಆದರೆ ವ್ಯತ್ಯಾಸ ನಾವು ಊಹಿಸುವಷ್ಟಿಲ್ಲ. 37-622 ಚಕ್ರದ ಹೊರವ್ಯಾಸ 696 ಮಿಲಿಮೀಟರ್, ಒಂದು ಸುತ್ತಿಗೆ ಸಾಗುವ ದೂರ 2,187. 50-559 ಚಕ್ರದ ಹೊರವ್ಯಾಸ 659, ಸಾಗುವ ದೂರ 2,070. ಶೇಕಡಾ ಐದರಷ್ಟು ಅಂತರ. ಗೇರನ್ನು ಒಂದು ಹಲ್ಲಿನಷ್ಟು ಬದಲಿಸಿದರೆ ಸರಿಹೋಗುತ್ತದೆ. ಚೈನು ಬಂದ ಮೇಲೆ ಚಿಕ್ಕ ಚಕ್ರ ನಿಧಾನವೆಂಬ ಮಾತಿಗೆ ಹುರುಳಿಲ್ಲ. ಚಿಕ್ಕ ಚಕ್ರದ ಕಡ್ಡಿಗಳು ಗಿಡ್ಡವಾದ್ದರಿಂದ ಅದು ಅಡ್ಡಸೆಳೆತಕ್ಕೆ ಹೆಚ್ಚು ಗಟ್ಟಿ. ಹೊರೆ ಹೊತ್ತು ಖಂಡಾಂತರ ಹೋಗುವವರು ಬಹುಕಾಲ 559 ಅಳತೆಯನ್ನೇ ಮೆಚ್ಚಿದ್ದಕ್ಕೆ ಇದೊಂದು ಕಾರಣ.

ನಮ್ಮವರು ಗಮನಿಸಬೇಕಾದ ಮತ್ತೊಂದು ಕಾರಣವಿದೆ. ಇಲ್ಲಿನ ಅಂಗಡಿಗಳಲ್ಲಿ ಸಿಗುವ ದೂರಪ್ರಯಾಣದ ಸೈಕಲ್ಲುಗಳಲ್ಲಿ ಬಹುಪಾಲು 622 ಚಕ್ರದವು. ಚೌಕಟ್ಟನ್ನು ಎಷ್ಟು ಚಿಕ್ಕದು ಮಾಡಿದರೂ ಚಕ್ರ ಕುಗ್ಗುವುದಿಲ್ಲ. ಆದ್ದರಿಂದ ಐದಡಿ ಎತ್ತರದವರಿಗೆ ಮಾಡಿದ ಸೈಕಲ್ಲಿನಲ್ಲಿ ಮುಂಚಕ್ರ ಪೆಡಲಿಗೆ ತೀರ ಹತ್ತಿರ ಬಂದು, ನಿಧಾನವಾಗಿ ತಿರುಗಿಸುವಾಗ ಕಾಲ್ಬೆರಳು ಟೈರಿಗೆ ತಗಲುತ್ತದೆ. ಮಡ್‌ಗಾರ್ಡ್ ಹಾಕಿದರೆ ಇನ್ನೂ ಬೇಗ ತಗಲುತ್ತದೆ. ಅದೇ ಸ್ನೇಹಿತರ ಪತ್ನಿ ಐದಡಿ ಒಂದಂಗುಲ ಎತ್ತರದವರು. ಹಾಸನದಲ್ಲಿ ಪ್ರತಿದಿನ ಸೈಕಲ್ ತುಳಿದು ಕಾಲೇಜಿಗೆ ಹೋಗಿದ್ದವರು. ಇಲ್ಲಿ ಅಂತಹ ಸೈಕಲ್ಲಿನಲ್ಲಿ ಕಾಲುವೆ ದಡದ ಗೇಟೊಂದರ ಬಳಿ ತಿರುಗಿಸುತ್ತ ಬಿದ್ದರು. ಎರಡನೆಯ ಸಲ ಬಿದ್ದ ಮೇಲೆ, "ಈ ವಯಸ್ಸಿಗೆ ಇದು ನನಗೆ ಆಗಿಬರುವುದಿಲ್ಲ ಬಿಡಿ" ಎಂದು ಸೈಕಲ್ಲನ್ನು ಷೆಡ್ಡಿಗೆ ಸೇರಿಸಿದರು. ಎರಡು ವರ್ಷ ಅದು ಅಲ್ಲೇ ಇತ್ತು. ಆಮೇಲೆ ಯಾರದೋ ಹಳೆಯ 559 ಚಕ್ರದ ಪ್ರವಾಸಿ ಸೈಕಲ್ಲನ್ನು ಕೊಂಡು, 47 ಮಿಲಿಮೀಟರ್ ಟೈರು ಹಾಕಿಸಿದರು. ಕಾಲು ನೆಲಕ್ಕೆ ಎಟುಕಿತು, ಬೆರಳು ಚಕ್ರಕ್ಕೆ ತಗಲಲಿಲ್ಲ. ಪತಿಯ ಎರಡನೆಯ ಯಾತ್ರೆಯಲ್ಲಿ ಅವರೂ ಜೊತೆಗಿದ್ದರು. ಐದಡಿ ಮೂರಂಗುಲಕ್ಕಿಂತ ಕಡಿಮೆ ಎತ್ತರದವರು, ಹೆಂಗಸರಾಗಲಿ ಗಂಡಸರಾಗಲಿ, 559 ಅಥವಾ 584 ಚಕ್ರದ ಸೈಕಲ್ಲನ್ನು ಒಮ್ಮೆ ಏರಿ ನೋಡದೆ ನಿರ್ಧಾರಕ್ಕೆ ಬರಬಾರದು.

ಚಕ್ರ ಕೊಳ್ಳುವ ಮುನ್ನ ಚೌಕಟ್ಟಿನ ಒಪ್ಪಿಗೆಯನ್ನೂ ಕೇಳಬೇಕು. ರಿಮ್ಮನ್ನು ಕಚ್ಚಿ ಹಿಡಿಯುವ ಬ್ರೇಕು ಇದ್ದರೆ ಚಕ್ರದ ವ್ಯಾಸ ಬದಲಿಸಲಾಗದು, ಏಕೆಂದರೆ ಬ್ರೇಕಿನ ರಬ್ಬರು ರಿಮ್ಮಿಗೆ ಎಟುಕುವುದಿಲ್ಲ. ಡಿಸ್ಕ್ ಬ್ರೇಕಿನ ಸೈಕಲ್ಲಿನಲ್ಲಿ ಜಾಗವಿದ್ದರೆ 622ನ್ನು ತೆಗೆದು, 584 ಚಕ್ರವನ್ನು ಹೆಚ್ಚು ಅಗಲದ ಟೈರಿನೊಡನೆ ಹಾಕಬಹುದು. ಈ ದೇಶದ ಮಳೆಗೆ ಮಡ್‌ಗಾರ್ಡ್ ಅನಿವಾರ್ಯ. ಅದು ಟೈರಿಗಿಂತ ಎಂಟು ಹತ್ತು ಮಿಲಿಮೀಟರ್ ಅಗಲವಿರಬೇಕು, ಅದಕ್ಕೂ ಜಾಗ ಬೇಕು. ರಿಮ್ಮಿನ ಒಳಗಲ 19 ಮಿಲಿಮೀಟರ್ ಇದ್ದರೆ 32ರಿಂದ 47ರವರೆಗಿನ ಟೈರುಗಳು ಚೆನ್ನಾಗಿ ಕೂರುತ್ತವೆ. ಹಿಂಚಕ್ರದ ಕಡ್ಡಿಗಳನ್ನು ಎಣಿಸಿ ನೋಡಿ: ಸಾಮಾನು ಹೊರುವುದಾದರೆ 36 ಇರಲಿ, ಚಿಕ್ಕ ಚಕ್ರಕ್ಕೆ 32 ಸಾಕಾದೀತು. ಅಂದಕ್ಕೆಂದು 20, 24 ಕಡ್ಡಿಗಳಿರುವ ಚಕ್ರಗಳು ಹೊರೆಗೆ ಹೇಳಿಸಿದವಲ್ಲ.

ಕಡ್ಡಿ ಎಣಿಸುವಾಗ ನಮ್ಮೂರಿನ ಸೈಕಲ್ ನೆನಪಾಗದಿರದು. ಹಾಲಿನ ಕ್ಯಾನು, ಎಳನೀರಿನ ಗೊಂಚಲು, ಅಕ್ಕಿಮೂಟೆ ಹೊತ್ತ ಆ ಕಪ್ಪು ಸೈಕಲ್ಲಿನ ಮುಂದೆ 32, ಹಿಂದೆ 40 ಕಡ್ಡಿ. ಟೈರಿನ ಮೇಲೆ 28 x 1½ ಎಂದು ಬರೆದಿರುತ್ತಿತ್ತು; ನಿಜನಾಮ 40-635. ಅದು ಬ್ರಿಟನ್ನಿನ ರೋಡ್‌ಸ್ಟರ್ ಸೈಕಲ್ಲಿನ ಅಳತೆ. 1949ರಲ್ಲಿ ಬ್ರಿಟನ್ನಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಮತ್ತು ಮುರುಗಪ್ಪ ಸಮೂಹ ಸೇರಿ ಮದರಾಸಿನಲ್ಲಿ ಟಿಐ ಸೈಕಲ್ಸ್ ಸ್ಥಾಪಿಸಿದವು. ಹರ್ಕ್ಯುಲೆಸ್ ನಮ್ಮ ಮನೆಮಾತಾಯಿತು. ಆ ಅಳತೆ ಹುಟ್ಟಿದ ನಾಡು ಅದನ್ನು ಬಹುಮಟ್ಟಿಗೆ ಮರೆತಿದೆ, ನಮ್ಮ ಹಳ್ಳಿಗಳು ಬಿಟ್ಟಿಲ್ಲ. ದೂರಪ್ರಯಾಣಕ್ಕೆ 37ರಿಂದ 40 ಮಿಲಿಮೀಟರ್ ಸೂಕ್ತವೆಂದು ಇಂದು ತಜ್ಞರು ಹೇಳುವ ಅಗಲವನ್ನು ನಮ್ಮೂರಿನ ಹಾಲಿನವರು ಅಂದೇ ತುಳಿಯುತ್ತಿದ್ದರು.

ಈ ಸಂಬಂಧದಲ್ಲೊಂದು ತೊಡಕೂ ಇದೆ. ರಜೆಗೆ ಹೋಗುವಾಗ ಸೈಕಲ್ಲನ್ನೂ ವಿಮಾನಕ್ಕೆ ಹೇರಿ, ಜನವರಿಯ ಹಿತವಾದ ಚಳಿಯಲ್ಲಿ ಮಲೆನಾಡು ಸುತ್ತುವ ಆಸೆ ಹಲವರಿಗೆ. ಇಲ್ಲಿನ 28 ಅಂಗುಲದ ಟೈರು ಸಕಲೇಶಪುರದಲ್ಲೋ ತರೀಕೆರೆಯಲ್ಲೋ ಹರಿದರೆ, ಸೈಕಲ್ ಶಾಪಿನಲ್ಲಿ 28 ಎಂದು ಕೇಳಿದವರ ಕೈಗೆ 635 ಬಂದೀತು. ವ್ಯಾಸದಲ್ಲಿ 13 ಮಿಲಿಮೀಟರ್ ದೊಡ್ಡದು. 622 ರಿಮ್ಮಿನ ಮೇಲೆ ಅದು ನಿಲ್ಲುವುದೇ ಇಲ್ಲ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ 622 ಸಿಗುತ್ತದೆ, ಎಲ್ಲ ತಾಲ್ಲೂಕು ಪೇಟೆಗಳಲ್ಲೂ ಸಿಗುತ್ತದೆಂದು ನಂಬಿಕೊಳ್ಳುವಂತಿಲ್ಲ. ಊರಿನ ಹುಡುಗರ ದಪ್ಪ ಟೈರಿನ 26 ಅಂಗುಲದ ಸೈಕಲ್ಲುಗಳಲ್ಲಿರುವುದು ಸಾಮಾನ್ಯವಾಗಿ 559. ಹಾಗಾಗಿ ಭಾರತದಲ್ಲಿ ಸುತ್ತುವ ಯೋಚನೆಯಿದ್ದವರಿಗೆ 559 ಅನುಕೂಲ. 622 ಒಯ್ಯುವವರು ಮಡಚಿ ಇಡಬಹುದಾದ ಟೈರೊಂದನ್ನು ಚೀಲದ ತಳದಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ಯುರೋಪಿನಲ್ಲಿ ಲೆಕ್ಕ ತಿರುಗುಮುರುಗು: ಇಲ್ಲಿ 622 ಎಲ್ಲೆಡೆ ಸಿಗುತ್ತದೆ, ಒಳ್ಳೆಯ 559 ಟೈರಿನ ಆಯ್ಕೆ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ.

ಒಟ್ಟಿನಲ್ಲಿ ಅಂಗಡಿಗೆ ಹೋಗುವ ಮುನ್ನ ಉತ್ತರಿಸಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು: ನನ್ನ ಎತ್ತರವೆಷ್ಟು, ನಾನೂ ಸಾಮಾನೂ ಸೇರಿ ಭಾರವೆಷ್ಟು, ಹಾದಿ ಎಂಥದು, ಟೈರು ಹರಿದರೆ ಮತ್ತೊಂದು ಎಲ್ಲಿ ಸಿಕ್ಕೀತು. ಬರಿಯ ಡಾಂಬರಿನ ಮೇಲೆ ಕೈಚೀಲದಷ್ಟೇ ಸಾಮಾನಿಗೆ 28ರಿಂದ 32. ಹೊರೆಯೊಡನೆ ಡಾಂಬರು ಮತ್ತು ಹಳೆಯ ರೈಲುದಾರಿಗೆ 35ರಿಂದ 40. ಕಾಡುದಾರಿ, ಜಲ್ಲಿ, ಭಾರಿ ಹೊರೆಗೆ 42ರಿಂದ 50. ವ್ಯಾಸವನ್ನು ಎತ್ತರ ಮತ್ತು ದೇಶ ನೋಡಿ ನಿರ್ಧರಿಸಿ. ಈಗಾಗಲೇ ಸೈಕಲ್ ಇರುವವರು ಹೊಸದನ್ನು ಕೊಳ್ಳಬೇಕಾಗಿಯೂ ಇಲ್ಲ; ಚೌಕಟ್ಟು ಒಪ್ಪುವಷ್ಟು ಅಗಲದ ಟೈರು ಹಾಕಿಸಿ, ಒತ್ತಡ ತೋರಿಸುವ ಪಂಪೊಂದನ್ನು ಕೊಂಡರೆ ಅರ್ಧ ಕೆಲಸ ಮುಗಿದಂತೆ. ಬರುವ ವಸಂತದ ಪ್ರಯಾಣಕ್ಕೆ ಸಿದ್ಧರಾಗುವವರು ಇಂದೇ ಷೆಡ್ಡಿಗೆ ಹೋಗಿ, ಟೈರಿನ ಪಕ್ಕೆಯ ಧೂಳು ಒರೆಸಿ, ಅಲ್ಲಿರುವ ಜೋಡಿಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಅಂಗಡಿಯಲ್ಲಿ ಅಂಗುಲದ ಮಾತು ಬಂದಾಗ ಆ ಚೀಟಿಯನ್ನು ಮುಂದಿಟ್ಟರೆ ಸಾಕು.